ವಿಳಾಸದ ಬಾಲ

ನನ್ನ ನಾದಿನಿ ಗಂಡನ ಮನೆಯಿಂದ ವಾಪಸು ಬಂದ ಮೇಲೆ, ಮೊದಲ ಒಂದು ವರ್ಷ ನಮ್ಮ ಮನೆಯ ಲೋಟಗಳೆಲ್ಲ ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದವು. ನಾನು ಒರೆಸಿ ಸ್ಟ್ಯಾಂಡಿನಲ್ಲಿಟ್ಟದ್ದನ್ನು ಅವಳು ಮತ್ತೆ ತೆಗೆದು ಒರೆಸಿ ಇಡುತ್ತಿದ್ದಳು. ಅಡಿಗೆಮನೆಯ ಮಸಿಬಟ್ಟೆಯನ್ನು ಕೂಡ ನಾಲ್ಕು ಮೂಲೆ ಸೇರಿಸಿ ಮಡಿಸುತ್ತಿದ್ದಳು. ಒಂದು ದಿನ ಹೇಳಿದೆ, "ಅದು ಒಣಗಿದೆ ಕಣೇ, ಬಿಡು."

"ಸುಮ್ನೆ ಕೂತ್ರೆ ಒಂಥರಾ ಆಗುತ್ತೆ ಅತ್ತಿಗೆ," ಅಂದಳು. ಕೈಯಲ್ಲಿದ್ದ ಲೋಟ ಮಾತ್ರ ಕೆಳಗಿಡಲಿಲ್ಲ.

ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ನಾವು ಕೋಲಾರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವಳ ಗಂಡನ ಮನೆಯಲ್ಲಿ ಏನಾಯಿತು ಎಂದು ನಾನೂ ಕೇಳಲಿಲ್ಲ, ನನ್ನ ಯಜಮಾನರೂ ಕೇಳಲಿಲ್ಲ. ಊರಿನವರು ಮಾತ್ರ ಕೇಳುತ್ತಿದ್ದರು. ಮದುವೆ, ನಾಮಕರಣ ಎಂದು ಹೋದಲ್ಲೆಲ್ಲ ಯಾರಾದರೊಬ್ಬರು ಅವಳ ಕೈಹಿಡಿದು, "ಈಗ ಏನ್ ಮಾಡ್ಕೊಂಡಿದೀಯಮ್ಮಾ?" ಎನ್ನುತ್ತಿದ್ದರು. ಅವಳು ಸೆರಗಿನ ಅಂಚನ್ನು ನೋಡುತ್ತಿದ್ದಳು.

ಅವಳು ಬಿ.ಎಸ್‌ಸಿ. ಓದಿದವಳು. ಬಸ್ ಸ್ಟ್ಯಾಂಡಿನ ಕಡೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅಣ್ಣನ ಮುಂದೆ ಕೇಳಲಾರದೆ ನನ್ನ ಹತ್ತಿರ ಕೇಳಿ, ನಾನು ಅವರಿಗೆ ಹೇಳಿ, ಅವಳು ಅಲ್ಲಿ ಜಾವಾ ಕಲಿಯಲು ಸೇರಿದಳು. ಎಂಟೇ ತಿಂಗಳಲ್ಲಿ ಅವಳ ಕ್ಲಾಸಿನ ಹುಡುಗಿಯರೆಲ್ಲ ಅರ್ಥವಾಗದ್ದನ್ನು ಅವಳನ್ನೇ ಕೇಳುವಂತಾಯಿತು. ಆ ಸಮಯಕ್ಕೆ ಹುಡುಗಿಯರ ಬ್ಯಾಚಿಗೆ ಪಾಠ ಹೇಳುತ್ತಿದ್ದ ಟೀಚರ್ ಬಿಟ್ಟುಹೋದರು. ಸೆಂಟರಿನ ಮಾಲೀಕರು ಇವಳನ್ನು ಕರೆದು ಹೇಳಿದರಂತೆ: "ನಿಮ್ಮ ಪ್ರಾಜೆಕ್ಟ್ ಮುಗಿಸಿ ತೋರಿಸಿ. ನಮ್ ಹುಡುಗರ ಮುಂದೆ ಅಲ್ಲ. ಕಂಪ್ಯೂಟರ್ ಮುಟ್ಟದೇ ಇರೋ ನಾಲ್ಕೈದು ಜನ ಹೊರಗಿನವರನ್ನ ಕೂರಿಸಿ. ಅವರು ಉಪಯೋಗಿಸಿದ್ರೆ ಈ ಕೆಲಸ ನಿಮಗೇ."

ಅವಳು ಇದನ್ನು ನನಗೆ ಹೇಳಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮೊಣಕೈವರೆಗೂ ಸೋಪಿನ ನೊರೆಯಲ್ಲಿ. "ಕೆಲಸ ಅಂತ ಒಂದಾದ್ರೆ ಅತ್ತಿಗೆ, ಯಾರಾದ್ರೂ ಕೇಳಿದಾಗ ಹೇಳೋಕೆ ಒಂದು ಮಾತಾದ್ರೂ ಇರುತ್ತೆ." ಅಷ್ಟು ಹೇಳಿ ಮತ್ತೆ ಬಟ್ಟೆ ಕುಕ್ಕತೊಡಗಿದಳು. ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ತಂತಿಯ ಹತ್ತಿರವೇ ಸ್ವಲ್ಪ ಹೊತ್ತು ನಿಂತಿದ್ದೆ.

ಅವಳ ಪ್ರಾಜೆಕ್ಟು ಒಂದು ಮಾವಿನಹಣ್ಣಿನ ಅಂಗಡಿ. ಶ್ರೀನಿವಾಸಪುರದ ಕಡೆಯ ಹಣ್ಣನ್ನು ಕಂಪ್ಯೂಟರಿನಲ್ಲೇ ಆರ್ಡರ್ ಮಾಡುವುದು. ಮೊದಲ ಪುಟದಲ್ಲಿ ನಮ್ಮ ಹೆಸರು ಬರೆಯಬೇಕು. ಎರಡನೆಯದರಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಎಂದು ಸಾಲಾಗಿ ಇರುತ್ತವೆ. ಒತ್ತಿದ ಹಾಗೆಲ್ಲ ಹಣ್ಣು ಹೋಗಿ ನಮ್ಮ ಮಂಕರಿಗೆ ಬೀಳುತ್ತದೆ. ಮೂರನೆಯದು ಮಂಕರಿ. ಎಲ್ಲರೂ ಬ್ಯಾಸ್ಕೆಟ್ ಎಂದು ಬರೆಯುವ ಕಡೆ ಇವಳು ಇಂಗ್ಲಿಷ್ ಅಕ್ಷರದಲ್ಲೇ ಮಂಕರಿ ಎಂದು ಬರೆದಿದ್ದಳು.

ಮಧ್ಯಾಹ್ನ ಕೆಲಸ ಮುಗಿಸಿ, ಮಕ್ಕಳು ಸ್ಕೂಲಿನಿಂದ ಬರುವ ಮೊದಲು ನಾನು ಅವಳ ಜೊತೆ ಸೆಂಟರಿಗೆ ಹೋಗುತ್ತಿದ್ದೆ. ನನಗೆ ಅಲ್ಲಿ ಒಂದು ಹುದ್ದೆಯೇ ಇತ್ತು: ಏನೂ ಗೊತ್ತಿಲ್ಲದ ಗಿರಾಕಿ. ಅವಳು ಬರೆದದ್ದನ್ನು ನಾನು ಒತ್ತಿ ನೋಡಬೇಕು. ಮೊದಲ ದಿನ ಹೆಸರು ಬರೆದು, ಬಾದಾಮಿ ಒತ್ತಿ, ಮಂಕರಿಗೆ ಹೋದರೆ ಅದು ಖಾಲಿ. ಮೇಲೆ ನನ್ನ ಹೆಸರೂ ಇಲ್ಲ.

"ಎಲ್ಲಿ ಹೋಯ್ತೇ ನನ್ ಹಣ್ಣು?"

ಅವಳು ಹಣೆಗೆ ಕೈಯಿಟ್ಟು ಕೂತಳು. ಆಮೇಲೆ ವಿವರಿಸಿದಳು. "ಸರ್ವರ್‌ಗೆ ಜ್ಞಾಪಕ ಅನ್ನೋದೇ ಇಲ್ಲ ಅತ್ತಿಗೆ. ಒಂದು ಪುಟ ಕಳಿಸಿದ ತಕ್ಷಣ ನಮ್ಮನ್ನ ಮರೆತುಬಿಡುತ್ತೆ. ಇನ್ನೊಂದು ಪುಟ ಬೇಕು ಅಂದ್ರೆ, ನೀವ್ಯಾರು, ಎಲ್ಲಿಂದ ಬಂದ್ರಿ ಅಂತ ಹೊಸದಾಗಿ ನೋಡುತ್ತೆ." ಕೀಬೋರ್ಡನ್ನು ತನ್ನ ಕಡೆ ಎಳೆದುಕೊಳ್ಳುತ್ತ ಸೇರಿಸಿದಳು, "ನಮ್ಮತ್ತೆ ಮನೆ ಥರಾನೇ."

ಆ ಮನೆಯ ಬಗ್ಗೆ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ನಾನು ನಗಲೋ ಬೇಡವೋ ಎಂದು ಅವಳ ಮುಖ ನೋಡಿದೆ. ಅವಳೇ ನಕ್ಕಳು. ಇಬ್ಬರೂ ನಕ್ಕೆವು. ಪಕ್ಕದ ಕಂಪ್ಯೂಟರಿನ ಹುಡುಗಿ ತಿರುಗಿ ನೋಡುವಷ್ಟು ನಕ್ಕೆವು.

ಸಾಮಾನ್ಯವಾಗಿ ಇದಕ್ಕೆ ಕುಕೀ ಎಂಬುದೊಂದು ಇರುತ್ತದಂತೆ. ಸರ್ವರ್ ನಮ್ಮ ಕಂಪ್ಯೂಟರಿನೊಳಗೆ ಒಂದು ನಂಬರಿನ ಚೀಟಿ ಇಟ್ಟಿರುತ್ತದೆ. ಮುಂದಿನ ಸಲ ಅದನ್ನು ನೋಡಿ ಗುರುತು ಹಿಡಿಯುತ್ತದೆ. ಆದರೆ ಈ ಸೆಂಟರಿನಲ್ಲಿ ಕುಕೀಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದರು. ಒಬ್ಬ ವಿದ್ಯಾರ್ಥಿ ತನ್ನ ಇಮೇಲ್ ಮುಚ್ಚದೆ ಎದ್ದುಹೋಗಿ, ಆಮೇಲೆ ಕೂತವನು ಅದನ್ನು ಜೋರಾಗಿ ಓದಿ, ಮಹಡಿ ಮೆಟ್ಟಿಲ ಮೇಲೆ ಜಗಳವಾಗಿತ್ತು. ಅಂದಿನಿಂದ ಮಾಲೀಕರು ಎಷ್ಟು ಕೇಳಿದರೂ ಒಪ್ಪುತ್ತಿರಲಿಲ್ಲ.

ದಪ್ಪ ಪುಸ್ತಕ ಮಗುಚಿ ಮಗುಚಿ ನೋಡಿ ಅವಳು ಇನ್ನೊಂದು ದಾರಿ ಹುಡುಕಿದಳು. ಚೀಟಿ ಇಡಲು ಜಾಗ ಇಲ್ಲದಿದ್ದರೆ ಆ ನಂಬರನ್ನು ವಿಳಾಸಕ್ಕೇ ಅಂಟಿಸಿಬಿಡುವುದು. ಪುಟದಲ್ಲಿರುವ ಪ್ರತಿ ಲಿಂಕಿನ ಕೊನೆಗೂ ಜೆ ಸೆಷನ್ ಐಡಿ ಎಂದು ಬರೆದು, ಮುಂದೆ ಮೂವತ್ತೆರಡು ಅಕ್ಷರ ಮತ್ತು ಅಂಕಿ. ಯಾವ ಲಿಂಕ್ ಒತ್ತಿದರೂ ಆ ನಂಬರು ನಮ್ಮ ಜೊತೆಯಲ್ಲೇ ಹೋಗುತ್ತದೆ. "ಆಸ್ಪತ್ರೇಲಿ ಓಪಿ ಚೀಟಿ ಕೈಯಲ್ಲಿ ಹಿಡ್ಕೊಂಡೇ ರೂಮಿಂದ ರೂಮಿಗೆ ಹೋಗ್ತೀವಲ್ಲ, ಹಂಗೆ," ಅಂದಳು. ನಾನು ಅದಕ್ಕೆ ಬಾಲ ಎಂದು ಹೆಸರಿಟ್ಟೆ. ವಿಳಾಸದ ಬಾಲ.

ತೊಂದರೆಯೇನೆಂದರೆ ಒಂದೇ ಒಂದು ಲಿಂಕಿಗೆ ಬಾಲ ಇಲ್ಲದಿದ್ದರೂ ಮುಗಿಯಿತು. ಅದನ್ನು ಒತ್ತಿದ ತಕ್ಷಣ ಮಂಕರಿ ಖಾಲಿ. ಅವಳು ಎಲ್ಲ ಪುಟಗಳನ್ನೂ ಮುದ್ರಿಸಿ ಮನೆಗೆ ತಂದಳು. ಜಾವಾ ನನಗೆ ಏನು ಗೊತ್ತು? ಆದರೆ ಒಂದೇ ಥರದ ಸಾಲುಗಳಲ್ಲಿ ಬೇರೆ ಥರದ್ದನ್ನು ಹುಡುಕುವುದು ಗೊತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು. ಸಾಲಿನ ಕೆಳಗೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಬಂದೆ. ನಾಲ್ಕನೆಯ ಹಾಳೆಯ ಕೆಳಗೆ, ಹಿಂದಕ್ಕೆ ಹೋಗುವ ಲಿಂಕಿಗೆ ಬಾಲವಿರಲಿಲ್ಲ.

"ಅತ್ತಿಗೇ!" ಎಂದು ಅವಳು ನನ್ನ ಎರಡೂ ಕೆನ್ನೆ ಹಿಡಿದಳು. ಸೌತೆಕಾಯಿ ಹೆಚ್ಚುತ್ತಿದ್ದ ಕೈ, ತಣ್ಣಗಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವವಳು; ಮಧ್ಯೆ ಎದ್ದು ಕಿಟಕಿಯಿಂದ ಸ್ಕೂಲ್ ಆಟೋ ಬಂತೇ ಎಂದು ನೋಡುವವಳು. ಅರ್ಧ ಗಂಟೆ ಸುಮ್ಮನಿದ್ದರೆ ಸರ್ವರ್ ಆ ನಂಬರನ್ನು ತೆಗೆದುಹಾಕುತ್ತಿತ್ತು. ಎರಡು ಸಲ ನನ್ನ ಮಂಕರಿ ಹಾಗೆ ಹೋಯಿತು. ಅವಳು ಅರ್ಧ ಗಂಟೆಯನ್ನು ಇಡೀ ದಿನ ಮಾಡಿದಳು. "ನಿಧಾನವಾಗಿ ಒತ್ತಿ, ನಿಮಗೋಸ್ಕರ ಕಾಯುತ್ತೆ," ಅಂದಳು.

ತೋರಿಸುವ ದಿನ ಭಾನುವಾರ. ಹೊರಗಿನವರನ್ನು ಸೇರಿಸುವ ಕೆಲಸ ನಾನೇ ವಹಿಸಿಕೊಂಡಿದ್ದೆ. ಮುಳಬಾಗಿಲಿನಿಂದ ನನ್ನ ಅಕ್ಕ, ಮಾಸ್ತಿಯಿಂದ ಮಾಲೂರಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನನ್ನ ಚಿಕ್ಕಮ್ಮ, ಗೌನಿಪಲ್ಲಿಯಿಂದ ನಮ್ಮ ಯಜಮಾನರ ಸೋದರತ್ತೆ, ಮತ್ತೆ ನಮ್ಮ ಪಕ್ಕದ ಮನೆಯವರು. ನಾಲ್ಕು ಜನ. ಸೋದರತ್ತೆಗೆ ಸ್ವಂತ ಮಾವಿನ ತೋಪಿದೆ. ಬಂದವರೇ, "ನಮ್ ತೋಪಿನಾಗೆ ಉದುರಿಬಿದ್ದಿರೋದು ಬಿಟ್ಟು ಇದ್ರಾಗೆ ಯಾಕಮ್ಮಾ ಕೊಳ್ಳಬೇಕು? ಚೂಡು ಚೂಡು, ವಾಸನೇನೂ ಬರಲ್ಲ!" ಎಂದು ತಮ್ಮೂರಿನ ತೆಲುಗು ಬೆರೆಸಿ ಹೇಳಿ ಪರದೆಗೆ ಮೂಗು ತಾಗಿಸಿದರು.

ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೇ ಹೋಗಿದ್ದೆವು. ನಾನು ಕೊನೆಯ ಸಲ ಎಲ್ಲ ಒತ್ತಿ ನೋಡಿದೆ: ಹೆಸರು ಬರೆದೆ, ಒಂದು ಡಜನ್ ರಸಪುರಿ ಹಾಕಿದೆ, ಹಿಂದೆ ಹೋದೆ, ಮುಂದೆ ಬಂದೆ. ಹಣ್ಣು ಅಲ್ಲೇ ಇತ್ತು. ಅವಳು ಕುರ್ಚಿಗಳನ್ನು ಸರಿಮಾಡುತ್ತ ಹೇಳಿದಳು, "ಅತ್ತಿಗೆ, ಅಡ್ರೆಸ್ ಒಂದು ನಾಲ್ಕು ಚೀಟೀಲಿ ಬರೆದು ಟೇಬಲ್ ಟೇಬಲ್‌ಗೂ ಇಟ್ಬಿಡಿ. ನಿಮ್ಮ ಅಕ್ಷರ ಎಲ್ಲರಿಗೂ ಓದೋಕಾಗುತ್ತೆ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೋರ್ಡಿನ ಮೇಲಿರುವುದನ್ನು ಇದ್ದಹಾಗೇ ಇಳಿಸಿಕೊಳ್ಳಬೇಕು, ಒಂದು ಚುಕ್ಕೆ ಬಿಟ್ಟರೂ ಇಡೀ ಪುಟ ಮತ್ತೆ ಬರೆಯಬೇಕು ಎಂಬುದು ಸಿಸ್ಟರ್ ಕಲಿಸಿದ ಪಾಠ. ಪರದೆಯ ಮೇಲುಗಡೆಯ ಪಟ್ಟಿಯಲ್ಲಿ ವಿಳಾಸವಿತ್ತು. ಉದ್ದವಾಗಿತ್ತು. ಬರೆದೆ. ಅಕ್ಷರಗಳನ್ನು ಬಿಡಿಬಿಡಿಯಾಗಿ, ಅಚ್ಚಿನ ಹಾಗೆ. ಸೊನ್ನೆಯನ್ನು ಯಾರಾದರೂ ಅಕ್ಷರ ಅಂದುಕೊಂಡಾರೆಂದು ಪ್ರತಿ ಸೊನ್ನೆಗೂ ಅಡ್ಡಗೆರೆ ಹಾಕಿದೆ. ನಾಲ್ಕು ಚೀಟಿಯನ್ನೂ ಬೆರಳಿಟ್ಟು ಎರಡೆರಡು ಸಲ ತಾಳೆ ನೋಡಿದೆ.

ಹನ್ನೊಂದು ಗಂಟೆಗೆ ಮಾಲೀಕರು ಬಂದು ಹಿಂದೆ ಗೋಡೆಗೆ ಒರಗಿ ನಿಂತರು. ನಾಲ್ಕೂ ಹೆಂಗಸರು ಚೀಟಿ ನೋಡಿ ನೋಡಿ ಒತ್ತತೊಡಗಿದರು. ಆ ಮೂವತ್ತೆರಡು ಅಕ್ಷರ ಮುಗಿಯಲು ಹದಿನೈದು ನಿಮಿಷವಾದರೂ ಹಿಡಿಯಿತು. ಅಕ್ಕ ತನ್ನದು ಮುಗಿಸಿ ಸೋದರತ್ತೆಗೆ ಒಂದೊಂದೇ ಅಕ್ಷರ ತೋರಿಸಿಕೊಟ್ಟಳು. ಪುಟ ತೆರೆಯಿತು. ನಾದಿನಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮೊದಲು ಎದ್ದದ್ದು ಚಿಕ್ಕಮ್ಮನ ದನಿ. "ಯಾರೇ ಅದು ನನ್ ಮಂಕರೀಗೆ ತೋತಾಪುರಿ ಸುರಿದಿದ್ದು? ನಾನು ಒತ್ತಿದ್ದು ಬಾದಾಮಿ!"

"ತೋತಾಪುರಿ ನಾನು ಒತ್ತಿದ್ದು," ಅಂದರು ಸೋದರತ್ತೆ. "ನಿನ್ ಮಂಕರೀಗೆ ಯಾಕಾಕ್ಲಿ? ನಂದ್ರಾಗೆ ಹಾಕ್ಕೊಂಡೆ. ಏಮಮ್ಮಾ ಇದಿ, ನಂದ್ರಾಗೆ ನೋಡಿದ್ರೆ ನಿನ್ ಬಾದಾಮಿ ಐತೆ! ತಗೀತೀನಿ ಇರು."

"ಅಯ್ಯೋ, ತೆಗೀಬೇಡ್ರೀ, ನಂದೂ ಹೋಯ್ತು!"

ಅಕ್ಕ ನನ್ನ ಕಡೆ ತಿರುಗಿದಳು. "ಲೇ, ಇಲ್ಲಿ ನನ್ ಹೆಸರೇ ಕೇಳ್ಲಿಲ್ಲ. ಮೇಲ್ಗಡೆ ನಿನ್ ಹೆಸರಿದೆ ಕಣೇ. ಎಲ್ಲಾ ಹಣ್ಣೂ ನೀನೊಬ್ಬಳೇ ತಿನ್ತೀಯ?"

ಪಕ್ಕದ ಮನೆಯವರು ಮಾತ್ರ ಸುಮ್ಮನೆ ತಮ್ಮ ಪಾಡಿಗೆ ಹಣ್ಣು ಹಾಕಿಕೊಳ್ಳುತ್ತಿದ್ದರು. ಅವರ ಪುಟದಲ್ಲಿ ಅವರದೇ ಹೆಸರು, ಅವರದೇ ಮಂಕರಿ. ನಾದಿನಿ ಹೋಗಿ ಅವರ ಚೀಟಿಯನ್ನೂ ಅವರು ಒತ್ತಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಅವರು ನಡುವೆ ಒಂದು ಅಂಕಿ ತಪ್ಪಿ ಒತ್ತಿದ್ದರು. ತಪ್ಪು ನಂಬರಾದ್ದರಿಂದ ಸರ್ವರ್ ಅವರಿಗೆ ಹೊಸ ನಂಬರು ಕೊಟ್ಟು, ಹೆಸರು ಕೇಳಿ, ಒಳಗೆ ಬಿಟ್ಟಿತ್ತು. ತಪ್ಪು ಮಾಡಿದ ಒಬ್ಬರದು ಮಾತ್ರ ಸರಿಯಾಗಿತ್ತು. ನಾನು ಬರೆದದ್ದನ್ನು ಇದ್ದಹಾಗೇ ಒತ್ತಿದ ಮೂವರೂ ನನ್ನ ಮಂಕರಿಯೊಳಗೆ ಕೈಹಾಕಿಕೊಂಡು ಕೂತಿದ್ದರು.

ಅವಳು ಚೀಟಿಯನ್ನು ನೋಡಿದಳು. ಅಡ್ಡಗೆರೆಯ ಸೊನ್ನೆಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಗ ನನಗೂ ಹೊಳೆಯಿತು. ಬಾಲವಿಲ್ಲದ ಚಿಕ್ಕ ವಿಳಾಸ ಬರೆಯಬೇಕಿತ್ತು. ನಾನು ನನ್ನ ಸ್ವಂತ ನಂಬರನ್ನು ಊರಿಗೆಲ್ಲ ಹಂಚಿದ್ದೆ. ಬೆಳಿಗ್ಗೆ ಎಂಟರ ನಂಬರು ಹನ್ನೊಂದರವರೆಗೆ ಬದುಕಿದ್ದದ್ದೂ ನನ್ನಿಂದಲೇ, ನನ್ನ ನಿಧಾನದಿಂದಲೇ.

ಮಾಲೀಕರು ಮುಂದೆ ಬಂದರು. "ಇದೇನಮ್ಮಾ? ಒಬ್ಬರ ಬುಟ್ಟೀಗೆ ಇನ್ನೊಬ್ಬರು ಕೈಹಾಕೋ ಹಂಗಿದ್ರೆ ಇದನ್ನ ಅಂಗಡಿ ಅಂತಾರಾ?" ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡರು. "ಯಾರು ಬರೆದಿದ್ದು ಇದನ್ನ?"

ನಾನು ಎಂದು ಹೇಳಬೇಕಿತ್ತು. ಎರಡೇ ಅಕ್ಷರ, ಹೊರಗೆ ಬರಲಿಲ್ಲ.

"ಯಾರು ಬರೆದ್ರೇನು ಸರ್," ಅಂದಳು ನಾದಿನಿ. "ನಾಳೆ ಗಿರಾಕಿಗಳೂ ಹಿಂಗೇ ಬರ್ಕೊಂಡು ಅಕ್ಕಪಕ್ಕದವರಿಗೆ ಕೊಡ್ತಾರೆ. ಅದನ್ನ ನಾನು ಮೊದಲೇ ಯೋಚನೆ ಮಾಡ್ಬೇಕಿತ್ತು. ತಪ್ಪು ನಂದು."

ಆಮೇಲೆ ಹೆಂಗಸರ ಕಡೆ ತಿರುಗಿದಳು. "ಅತ್ತೆ, ಟೊಮೇಟೊ ಮಂಡೀಲಿ ಬಾಕ್ಸ್ ಮೇಲೆ ಅವರವರ ಗುರುತು ಹಾಕಿರ್ತಾರಲ್ಲ. ಮೂರು ಜನದ ಬಾಕ್ಸಿಗೂ ಒಂದೇ ಗುರುತು ಬಿದ್ರೆ ಏನಾಗುತ್ತೆ?"

"ಇನ್ನೇನಾತದೆ, ಮೂರು ಜನಾನೂ ಕಿತ್ತಾಡ್ತಾರೆ," ಅಂದರು ಸೋದರತ್ತೆ.

"ಅದೇ ಆಗಿದ್ದು ಈಗ. ನಿಮ್ಮ ಮೂರು ಜನಕ್ಕೂ ಒಂದೇ ಗುರುತು ಬಿತ್ತು."

"ಹಂಗಂತ ಮೊದ್ಲೇ ಹೇಳ್ಬಾರ್ದಾ? ನಾನು ಈ ಪೆಟ್ಟಿಗೆ ಕೆಟ್ಟೋಯ್ತೇನೋ ಅಂತ ಹೆದರ್ಕೊಂಡಿದ್ದೆ."

ಮಾಲೀಕರು ನಗಲಿಲ್ಲ. "ಒಂದು ವಾರ ಟೈಮ್ ಕೊಡ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ," ಎಂದು ಹೇಳಿ ಒಳಗೆ ಹೋದರು.

ಬಂದವರಿಗೆ ಮನೆಯಲ್ಲಿ ಊಟ ಹಾಕಿ, ಎಲ್ಲರನ್ನೂ ಅವರವರ ಬಸ್ಸು ಹತ್ತಿಸಿದೆವು. ಸಂಜೆ ಅವಳು ಹಿತ್ತಲ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು, "ನನ್ನಿಂದ ನಿನ್ನ ಕೆಲಸ ಹೋಗ್ತಾ ಇದೆ," ಅಂದೆ. ಕಣ್ಣು ತುಂಬಿತ್ತು.

"ನೀವು ಬರೆದಿದ್ರಲ್ಲಿ ಒಂದು ಅಕ್ಷರಾನೂ ತಪ್ಪಿರಲಿಲ್ಲ ಅತ್ತಿಗೆ," ಅಂದಳು. "ಅದೇ ತೊಂದ್ರೆ ಆಗಿದ್ದು." ಆಮೇಲೆ ನನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದಳು.

ಆ ವಾರವೆಲ್ಲ ಅವಳು ಲೋಟಗಳ ತಂಟೆಗೆ ಬರಲಿಲ್ಲ. ಅವಳು ಕಂಡುಕೊಂಡದ್ದು ಹೀಗೆ: ಸೆಂಟರಿನ ಪ್ರತಿ ಕಂಪ್ಯೂಟರಿಗೂ ತನ್ನದೇ ಒಂದು ಸಂಖ್ಯೆ ಇರುತ್ತದೆ. ಬಾಲದ ನಂಬರು ಯಾವ ಕಂಪ್ಯೂಟರಿನಲ್ಲಿ ಹುಟ್ಟಿತು ಎಂದು ಸರ್ವರಿನಲ್ಲಿ ಬರೆದಿಟ್ಟುಕೊಳ್ಳುವುದು. ಅದೇ ಬಾಲ ಹಿಡಿದು ಬೇರೆ ಕಂಪ್ಯೂಟರಿನಿಂದ ಯಾರಾದರೂ ಬಂದರೆ ಆ ಮಂಕರಿ ತೋರಿಸದೆ, ಹೊಸ ನಂಬರು ಕೊಟ್ಟು, ಮೊದಲ ಪುಟಕ್ಕೆ ಕಳಿಸಿ ಹೆಸರು ಕೇಳುವುದು. ಇಡೀ ದಿನವನ್ನು ಮತ್ತೆ ಅರ್ಧ ಗಂಟೆ ಮಾಡಿದಳು. "ಬೇಜಾರು ಮಾಡ್ಕೋಬೇಡಿ," ಎಂದು ನನ್ನನ್ನು ಕೇಳಿಕೊಂಡೇ ಮಾಡಿದಳು.

ಶನಿವಾರ ಮಧ್ಯಾಹ್ನ ಮಾಲೀಕರಿಗೆ ತೋರಿಸಬೇಕು. ಈ ಸಲ ಊರಿನಿಂದ ಯಾರನ್ನೂ ಕರೆದಿರಲಿಲ್ಲ. ನಾನೂ ಬರುವುದಿಲ್ಲ ಎಂದಿದ್ದೆ. ಹಿಟ್ಟು ಕಲಸಬೇಕು, ಮಕ್ಕಳ ಯೂನಿಫಾರ್ಮ್ ಇಸ್ತ್ರಿ ಮಾಡಬೇಕು ಎಂದು ಏನೇನೋ ಹೇಳಿದೆ. ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದಳು.

"ಹಿಟ್ಟು ಬಂದ್ಮೇಲೆ ಕಲಸೋಣ. ನಡೀರಿ."

ಸೆಂಟರಿನಲ್ಲಿ ನನ್ನನ್ನು ಅದೇ ಕಂಪ್ಯೂಟರಿನ ಮುಂದೆ ಕೂರಿಸಿದಳು. ಹೆಸರು ಬರೆಸಿದಳು. ರಸಪುರಿ ಹಾಕಿಸಿದಳು. ಆಮೇಲೆ ಮಾಲೀಕರ ಎದುರಿಗೇ ನನ್ನ ಮುಂದೆ ನಾಲ್ಕು ಚೀಟಿ, ಒಂದು ಪೆನ್ನು ಇಟ್ಟಳು.

"ಅತ್ತಿಗೆ, ಅವತ್ತು ಬರೆದ ಹಾಗೇ ಬರೀರಿ. ಬಾಲ ಸಮೇತ."

ಮಾಲೀಕರು ನನ್ನ ಕಡೆ ನೋಡಿದರು. "ಅವತ್ತು ಬರೆದೋಳು ನಾನೇ ಸರ್," ಅಂದೆ. ಅವರು, "ಇರ್ಲಿ ಬಿಡಿಮ್ಮಾ, ಬರೀರಿ," ಅಂದರು. ಬರೆದೆ. ಈ ಸಲವೂ ಪ್ರತಿ ಸೊನ್ನೆಗೂ ಅಡ್ಡಗೆರೆ ಹಾಕಿದೆ. ಅವರೇ ಒಂದೊಂದು ಮೇಜಿಗೂ ಹೋಗಿ ಅಷ್ಟೂ ಅಕ್ಷರ ಒತ್ತಿದರು. ಮೊದಲ ಕಂಪ್ಯೂಟರ್, ನಿಮ್ಮ ಹೆಸರೇನು ಎಂದು ಕೇಳಿತು. ಎರಡನೆಯದೂ ಕೇಳಿತು. ನಾಲ್ಕೂ ಕೇಳಿದವು. ತಿರುಗಿ ಬಂದು ನನ್ನ ಪರದೆ ನೋಡಿದರು. ನನ್ನ ಹೆಸರು, ನನ್ನ ಒಂದು ಡಜನ್ ರಸಪುರಿ, ಯಾರೂ ಮುಟ್ಟದೆ ಹಾಗೇ ಇದ್ದವು.

"ಸೋಮವಾರ ಹತ್ತು ಗಂಟೆಗೆ ಬ್ಯಾಚು," ಅಂದರು ಅವಳಿಗೆ. "ಹಾಜರಿ ಪುಸ್ತಕ ಮೇಜಿನ ಡ್ರಾಯರ್‌ನಲ್ಲಿದೆ."

ಮೆಟ್ಟಿಲಿಳಿದು ಬೀದಿಗೆ ಬಂದೆವು. ಅವಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಚಿಕ್ಕ ಮಕ್ಕಳು ರಸ್ತೆ ದಾಟುವಾಗ ಹಿಡಿಯುವ ಹಾಗೆ. ಬಸ್ಸುಗಳ ಸದ್ದಿನಲ್ಲಿ ನಾನು ಸ್ವಲ್ಪ ಜೋರಾಗಿಯೇ ಕೇಳಬೇಕಾಯಿತು.

"ಅವತ್ತೇ ನನ್ ಕಡೆ ತೋರಿಸಿ, ಇವರು ಬರೆದಿದ್ದು ಅಂದಿದ್ರೆ ನಿನ್ ಪ್ರಾಜೆಕ್ಟ್ ಅವತ್ತೇ ಪಾಸಾಗ್ತಿತ್ತಲ್ಲೇ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಆ ಮೆಟ್ಟಿಲು ಹತ್ತುತ್ತಿದ್ರಾ?"

ನಾನು ಯೋಚಿಸಿದೆ. "ಇಲ್ಲ," ಅಂದೆ.

"ಮತ್ತೆ? ನೀವು ಬರದೇ ಇದ್ರೆ ನಾನು ಬರೆದಿದ್ದನ್ನೆಲ್ಲಾ ಯಾರು ಒತ್ತಿ ನೋಡೋರು?" ಎಂದಳು. ಆಟೋ ಒಂದು ನಮ್ಮಿಬ್ಬರನ್ನೂ ಒರೆಸಿಕೊಂಡು ಹೋಯಿತು. ನನ್ನನ್ನು ರಸ್ತೆಯ ಒಳಬದಿಗೆ ಎಳೆದುಕೊಂಡು, ತಾನು ಹೊರಬದಿಗೆ ಬಂದು ನಡೆದಳು.